ಗ್ಯಾರೇಜ್ ಕಟ್ಟೆ: ಡಿಪಿಎಫ್ ತೆಗೆಸ್ಲಾ, ಬೇಡ್ವಾ?

ಈ ಸಲ ಕಾಗದದ ಕಟ್ಟು ಬಿಚ್ಚಿ ನೋಡಿದ್ರೆ ಅರ್ಧಕ್ಕರ್ಧ ಹೊಗೆ ವಿಷ್ಯಾನೇ, ಅಂದ್ರೆ ಹೊಗೆ ಶುದ್ಧ ಮಾಡೋಕೆ ಗಾಡೀಲಿ ಹಾಕಿರೋ ಡಿಪಿಎಫ್, ಇಜಿಆರ್ ಥರದ ಭಾಗಗಳ ವಿಷ್ಯ. ಒಬ್ರು ಕೊಯ್ಸ್ಲಾ ಅಂತಾರೆ, ಇನ್ನೊಬ್ರು ಮುಚ್ಚಿಸ್ಲಾ ಅಂತಾರೆ, ಮತ್ತೊಬ್ರು ಆಗ್ಲೇ ಕೊಯ್ಸಾಯ್ತು ಈಗೇನ್ ಮಾಡ್ಲಿ ಅಂತಾರೆ. ಅದಕ್ಕೇ ಮಿಕ್ಕಿದ್ದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ಎತ್ಕೊಂಡಿದೀನಿ. ಕ್ಲಚ್ ಕೇಬಲ್ ಬಗ್ಗೆ ಮೂರು ಸಲ ಬರೆದಿರೋ ಪಾಂಡವಪುರದ ಯಜಮಾನ್ರು ಇನ್ನೊಂದ್ ಸ್ವಲ್ಪ ತಾಳ್ಕೊಬೇಕು.

ಪ್ರಶ್ನೆ: ಸಾರ್, ನಂದು 2021ರ ಡೀಸೆಲ್ ಎಸ್‌ಯುವಿ. ಮನೆ ಬೋಗಾದಿ, ಕೆಲಸ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ, ದಿನಾ ಹೋಗಿ ಬರೋದು ಅಷ್ಟೇ. ಎರಡು ತಿಂಗಳಿಂದ ಡಿಪಿಎಫ್ ಲೈಟ್ ಬರ್ತಾ ಇದೆ, ಈಗ ಪಿಕಪ್ಪೂ ಇಲ್ಲ. ಗೊತ್ತಿರೋ ಮೆಕ್ಯಾನಿಕ್ ಒಬ್ರು 28 ಸಾವಿರ ಕೊಡಿ, ಡಿಪಿಎಫ್ ಒಳಗಿರೋದು ತೆಗೆದು ಗಾಡಿ ಕಂಪ್ಯೂಟ್ರ ಸೆಟ್ಟಿಂಗ್ ಬದಲಿಸಿ ಮ್ಯಾಪ್ ಮಾಡ್ಕೊಡ್ತೀನಿ, ಮೈಲೇಜೂ ಜಾಸ್ತಿ ಆಗುತ್ತೆ ಅಂತಿದಾರೆ. ಮಾಡಿಸ್ಲಾ?
(ಓದುಗರು, ಬೋಗಾದಿ, ಮೈಸೂರು)

ಉತ್ತರ: ಮೊದಲು ಆ 28 ಸಾವಿರ ಜೇಬಲ್ಲೇ ಇರ್ಲಿ. ನನಗನ್ಸೋ ಹಾಗೆ ಗಾಡಿ ಕೆಟ್ಟಿಲ್ಲ, ನಿಮ್ಮ ರೂಟ್ ಅದಕ್ಕೆ ಒಗ್ತಾ ಇಲ್ಲ.

ಡಿಪಿಎಫ್ ಅಂದ್ರೆ ಸೈಲೆನ್ಸರ್ ಪೈಪಿನ ದಾರೀಲಿ ಕೂತಿರೋ ಪಿಂಗಾಣಿ ಥರದ ಜರಡಿ. ಒಳಗೆ ಸಣ್ಣ ಸಣ್ಣ ಉದ್ದನೆ ಕೊಳವೆ, ಒಂದರ ಬಾಯಿ ಈ ಕಡೆ ಮುಚ್ಚಿದ್ರೆ ಪಕ್ಕದ್ದು ಆ ಕಡೆ ಮುಚ್ಚಿರುತ್ತೆ, ಹಂಗಾಗಿ ಹೊಗೆ ಗೋಡೆ ತೂರ್ಕೊಂಡೇ ಆಚೆಗೆ ಹೋಗ್ಬೇಕು, ಮಸಿ ಒಳಗೇ ಉಳ್ಕೊಳುತ್ತೆ. ನಮ್ಮ ದೇಶದ ಹೊಗೆ ನಿಯಮದಲ್ಲಿ ಬಿಎಸ್4 ಹಂತದ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿ ಬಿಡಬಹುದಿತ್ತು, 2020ರ ಏಪ್ರಿಲ್ 1ಕ್ಕೆ ಬಿಎಸ್6 ಬಂದ್ಮೇಲೆ ಅದು 4.5ಕ್ಕೆ ಇಳೀತು, ಈ ಜರಡಿ ಇಲ್ದೆ ಅಷ್ಟು ಇಳಿಸೋಕೆ ಆಗ್ತಾನೇ ಇರಲಿಲ್ಲ ಅಂತ ಇಟ್ಕೊಳಿ.

ಜರಡಿ ಅಂದ್ಮೇಲೆ ತುಂಬುತ್ತೆ, ತುಂಬಿದ್ದನ್ನ ಕೊಡವ್ಬೇಕು. ಇದನ್ನ ಕೊಡವೋದು ಸುಟ್ಟು. ಹೈವೇಲಿ ಓಡ್ತಾ ಇದ್ರೆ ಹೊಗೆ ಬಿಸಿಗೇ ಮಸಿ ನಿಧಾನಕ್ಕೆ ಉರಿದೋಗುತ್ತೆ, ನಿಮಗೆ ಗೊತ್ತೇ ಆಗಲ್ಲ. ಊರೊಳಗೇ ಓಡಿಸೋರಿಗೆ ಆ ಬಿಸಿ ಬರಲ್ಲ, ಆಗ ಗಾಡಿ ಕಂಪ್ಯೂಟ್ರು ತಾನೇ ಒಂದಿಷ್ಟು ಡೀಸೆಲ್ಲನ್ನ ತಡವಾಗಿ ಸಿಂಪಡಿಸಿ, ಅದು ಜರಡಿಗೆ ಮುಂಚೆ ಇರೋ ಡಬ್ಬದಲ್ಲಿ ಉರಿದು, ಜರಡಿ 600 ಡಿಗ್ರಿ ಹತ್ರ ಕಾದು, ಹದಿನೈದಿಪ್ಪತ್ತು ನಿಮಿಷದಲ್ಲಿ ಮಸಿ ಉರಿದೋಗುತ್ತೆ. ರೀಜನರೇಷನ್ ಅನ್ನೋದು ಇದನ್ನೇ. ನಿಮ್ಮ ಕೇಸಲ್ಲಿ ಏನಾಗ್ತಿದೆ ಅಂದ್ರೆ ಅದು ಶುರು ಮಾಡೋ ಹೊತ್ತಿಗೆ ಸರಿಯಾಗಿ ನೀವು ಆಫೀಸ್ ಗೇಟ್ ಹತ್ರ ಕೀ ತಿರುಗಿಸ್ತೀರಿ. ಅರ್ಧ ಬೆಂದ ಅನ್ನದ ಒಲೆ ಆರಿಸ್ದಂಗೆ. ಸಾಯಂಕಾಲ ಮತ್ತೆ ಶುರು, ಮನೆ ಹತ್ರ ಮತ್ತೆ ಆಫ್. ಇಂಜಿನ್ ನಿಲ್ಲಿಸಿದ್ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗ್ತಿದ್ರೆ, ಐಡ್ಲಿಂಗ್ ಯಾವತ್ತಿಗಿಂತ ಏರಿದ್ರೆ, ಅದೇ ಗುರುತು, ಇನ್ನೊಂದು ರೌಂಡ್ ಹೋಗಿ ಬನ್ನಿ.

ಇನ್ನೊಂದು, ಇವತ್ತೇ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮ್ಯಾಕ್ಸ್ ಗೆರೆ ದಾಟಿ ಮೇಲೆ ಬಂದಿದ್ರೆ, ಮೂಸಿ ನೋಡಿದ್ರೆ ಡೀಸೆಲ್ ವಾಸನೆ ಇದ್ರೆ, ಆ ಅರ್ಧಕ್ಕೇ ನಿಂತ ರೀಜನ್‌ಗಳ ಡೀಸೆಲ್ಲು ಸಿಲಿಂಡರ್ ಗೋಡೆ ಜಾರ್ಕೊಂಡು ಇಂಜಿನ್ ಅಡಿಯ ಆಯಿಲ್ ಸಂಪ್‌ಗೆ ಇಳಿದಿದೆ ಅಂತ. ಆಯಿಲ್ ಹೆಚ್ಚಾಗಿದೆ ಒಳ್ಳೇದೇ ಆಯ್ತು ಅಂತ ಖುಷಿ ಪಡೋ ಜನ ಇದಾರೆ ಕಣ್ರೀ, ಆ ತೆಳ್ಳಗಿನ ಆಯಿಲ್ಲಲ್ಲಿ ಟರ್ಬೋ ಬೇರಿಂಗ್ ಸವೆದು ಹೋಗುತ್ತೆ, ತಕ್ಷಣ ಆಯಿಲ್ ಚೇಂಜ್ ಮಾಡ್ಸಿ. ಹಾಕೋದು ಕಮ್ಮಿ ಬೂದಿಯ ಆಯಿಲ್ಲೇ ಆಗಿರ್ಬೇಕು, ಮ್ಯಾನ್ಯುಯಲ್‌ನಲ್ಲಿ ಗ್ರೇಡ್ ಬರೆದಿರುತ್ತೆ, ಯಾಕಂದ್ರೆ ಮಸಿ ಉರಿಯುತ್ತೆ, ಆಯಿಲ್ ಬೂದಿ ಉರಿಯಲ್ಲ, ಅದು ಜರಡೀಲಿ ಶಾಶ್ವತ.

ಬರೀ ಹಳದಿ ಲೈಟ್ ಇದ್ದಾಗ್ಲೇ ರಿಂಗ್ ರೋಡಿಗೆ ಹೋಗಿ ಒಂದರ್ಧ ಗಂಟೆ ನಿಲ್ಲಿಸ್ದೆ 60-70ರಲ್ಲಿ ಓಡಿಸಿದ್ರೆ ಸಾಕಾಗ್ತಿತ್ತು. ಈಗ ಪಿಕಪ್ ಹೋಗಿದೆ ಅಂತೀರಲ್ಲ, ಲಿಂಪ್ ಮೋಡ್‌ಗೆ ಬಿದ್ದಿದೆ, ಅಂದ್ರೆ ಇಂಜಿನ್ ಕಾಪಾಡೋಕೆ ಗಾಡಿ ತಾನೇ ಶಕ್ತಿ ಕಮ್ಮಿ ಮಾಡ್ಕೊಂಡಿದೆ, ಇನ್ನು ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿ ಬಲವಂತದ ರೀಜನ್ ಮಾಡಿಸ್ಬೇಕು. ಮಾಡಿಸೋ ಮುಂಚೆ ಯಾಕೆ ತುಂಬ್ತು ಅಂತ ಕೇಳಿ. ಇಂಜೆಕ್ಟರ್ ತೊಟ್ಟಿಕ್ತಾ ಇದ್ರೆ, ಟರ್ಬೋ ಪೈಪ್ ಬಿರುಕು ಬಿಟ್ಟಿದ್ರೆ, ಎಷ್ಟು ಸುಟ್ಟರೂ ತಿಂಗಳಲ್ಲಿ ಮತ್ತೆ ತುಂಬುತ್ತೆ. ಹೋದ ಮಳೆಗಾಲದಲ್ಲಿ ನನ್ನ ಹತ್ರ ಬಂದ ಒಂದು ಗಾಡೀಲಿ ಜರಡಿ ತುಂಬೇ ಇರಲಿಲ್ಲ! ಜರಡಿ ಹಿಂದೆ ಮುಂದೆ ಒತ್ತಡ ಅಳೆಯೋ ಸೆನ್ಸರಿಗೆ ಹೋಗೋ ಬೆರಳು ಗಾತ್ರದ ರಬ್ಬರ್ ಪೈಪನ್ನ ಇಲಿ ಕಡಿದಿತ್ತು, ತಪ್ಪು ಲೆಕ್ಕ ನೋಡಿ ಕಂಪ್ಯೂಟ್ರು ಗಾಬರಿ ಬಿದ್ದಿತ್ತು. ಪೈಪಿಗೆ ಮುನ್ನೂರು ರೂಪಾಯಿ ಆಗಿರ್ಬೇಕು. ಆ ಗಾಡಿ ಓನರ್‌ಗೂ ಯಾರೋ ಡಿಲೀಟ್ ಮಾಡ್ಸಿ ಅಂತಾನೇ ಹೇಳಿದ್ರಂತೆ.

ತೆಗೆಸಿದ್ರೆ ಏನಾಗುತ್ತೆ ಅಂತ ನೇರ ಹೇಳ್ಬಿಡ್ತೀನಿ. ಓಡುತ್ತೆ, ಚೆನ್ನಾಗೇ ಓಡುತ್ತೆ, ಸುಳ್ಳು ಹೇಳಲ್ಲ. ಆದ್ರೆ ವಾರಂಟಿ ಹೋಯ್ತು, ಇನ್ಶೂರೆನ್ಸಲ್ಲಿ ತಕರಾರು ಎತ್ತೋಕೆ ಅವರಿಗೊಂದು ಕಾರಣ ಸಿಕ್ತು, ಮಾರೋವಾಗ ತಿಳಿದೋನು ಬಂದು ಟೈಲ್ ಪೈಪ್ ಒಳಗೆ ಬೆರಳು ಆಡಿಸಿ ಮಸಿ ತೋರ್ಸಿ ರೇಟ್ ಇಳಿಸ್ತಾನೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 182ಎ ಪ್ರಕಾರ ಓನರ್ ಇಂಥ ಆಲ್ಟರೇಷನ್ ಮಾಡಿಸಿದ್ರೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲೂ ಹಾಕಬಹುದು, ಮತ್ತೆ ಅದು ಮೆಕ್ಯಾನಿಕ್ ಮೇಲಲ್ಲ, ನಿಮ್ಮ ಮೇಲೆ. ದಿನಾ ಇಷ್ಟೇ ಓಡಿಸೋದಾದ್ರೆ ಮುಂದಿನ ಗಾಡಿ ಪೆಟ್ರೋಲ್ ತಗೊಳಿ, ನಿಮಗೆ ಡೀಸೆಲ್ ಗಾಡಿ ಮಾರಿದೋರು ಶೋರೂಮಲ್ಲೇ ಇದನ್ನ ಕೇಳ್ಬೇಕಿತ್ತು, ಕೇಳಲ್ಲ.

ಪ್ರಶ್ನೆ: ಅಣ್ಣ, ನಮ್ದು ಮಂಡ್ಯ ಹತ್ರ ಹಳ್ಳಿ, ಕಬ್ಬು ಹೊಡಿಯೋ ಲಾರಿ ಐತೆ, ಬಿಎಸ್6. ಅದಕ್ಕೆ ಆಡ್‌ಬ್ಲೂ ಹಾಕಿ ಹಾಕಿ ಸಾಕಾಗೋಯ್ತು. ಅದು ಯೂರಿಯಾ ನೀರೇ ಅಂತವ್ರೆ, ಮನೇಲಿ ಗದ್ದೆಗೆ ತಂದಿರೋ ಯೂರಿಯಾ ಮೂಟೆ ಬಿದ್ದೈತೆ, ಬೋರ್ ನೀರಿಗೆ ಕಲಸಿ ಹಾಕಿದ್ರೆ ಆಗಲ್ವಾ?
(ಓದುಗರು, ಮಂಡ್ಯ ತಾಲ್ಲೂಕು)

ಉತ್ತರ: ಅಯ್ಯೋ, ಮಾಡ್ಬಿಟ್ಟಿದೀಯೋ ಏನೋ ಅಂತ ಓದುತ್ತಿದ್ದಂಗೆ ಎದೆ ಧಸಕ್ಕಂತು. ಮಾಡಿಲ್ಲ ತಾನೆ? ಮಾಡ್ಬೇಡ ಕಣಪ್ಪ.

ಕೇಳಿರೋದ್ರಲ್ಲಿ ಅರ್ಧ ನಿಜ ಐತೆ. ಆಡ್‌ಬ್ಲೂ ಅನ್ನೋದು ನೂರಕ್ಕೆ 32.5 ಭಾಗ ಯೂರಿಯಾ, ಉಳಿದ 67.5 ಭಾಗ ಲವಣ ಎಲ್ಲಾ ತೆಗೆದ ನೀರು, ಅಷ್ಟೇ. ಇದು ಬಿಸಿ ಹೊಗೆಗೆ ಬಿದ್ರೆ ಅಮೋನಿಯಾ ಆಗುತ್ತೆ, ಆ ಅಮೋನಿಯಾ ಮುಂದಿನ ಡಬ್ಬದಲ್ಲಿ ನಾಕ್ಸ್ ಅಂತೀವಲ್ಲ ನೈಟ್ರೋಜನ್ ಆಕ್ಸೈಡು, ಅದನ್ನ ಹಿಡಿದು ಬರೀ ನೈಟ್ರೋಜನ್ನು, ನೀರಾವಿ ಮಾಡಿ ಬಿಡುತ್ತೆ. ಗಾಳೀಲಿ ಮುಕ್ಕಾಲು ಭಾಗ ಇರೋದು ನೈಟ್ರೋಜನ್ನೇ, ಅದರಿಂದ ಯಾರಿಗೂ ತೊಂದ್ರೆ ಇಲ್ಲ. ನಾಕ್ಸು ಮಾತ್ರ ಎದೆ ಕೆಡಿಸುತ್ತೆ, ಕಣ್ಣು ಉರಿಸುತ್ತೆ.

ತಪ್ಪೋದು ಎಲ್ಲಿ ಅಂದ್ರೆ, ನಿನ್ನ ಮನೇಲಿರೋದು ಬೇವಿನೆಣ್ಣೆ ಸವರಿರೋ ಯೂರಿಯಾ. 2015ರಿಂದ ನಮ್ಮ ದೇಶದಲ್ಲಿ ಗದ್ದೆಗೆ ಸಿಗೋ ಯೂರಿಯಾ ಎಲ್ಲಾ ಅದೇ, ಮಣ್ಣಲ್ಲಿ ನಿಧಾನಕ್ಕೆ ಕರಗ್ಲಿ, ಬೇರೆ ಕಡೆಗೆ ಸಾಗಿಸ್ದಂಗೆ ಇರ್ಲಿ ಅಂತ ಮಾಡಿರೋದು. ಆ ಎಣ್ಣೆ ಒಂದು ಕಡೆ, ನಮ್ಮ ಬೋರ್ ನೀರಿನ ಸುಣ್ಣ ಇನ್ನೊಂದು ಕಡೆ. ಸ್ಟೀಲ್ ಚೊಂಬಲ್ಲಿ ನೀರು ಕಾಯಿಸಿದ್ರೆ ತಳದಲ್ಲಿ ಬಿಳೀ ಪೊರೆ ಕಟ್ಟುತ್ತಲ್ಲ, ಅದೇ ಪೊರೆ ಆಡ್‌ಬ್ಲೂ ಸಿಂಪಡಿಸೋ ಸೂಜಿ ಮೊನೆಯಂಥ ನಾಝಲ್ ಬಾಯಲ್ಲಿ ಕಟ್ಟುತ್ತೆ. ಒಂದು ಸಲ ಇಂಥದ್ದೇ ಲಾರಿ ಪೈಪ್ ಬಿಚ್ಚಿದ್ವಿ, ಒಳಗಡೆ ಪೂರ್ತಿ ಕಲ್ಲುಸಕ್ಕರೆ ಥರ ಹರಳು, ಸುತ್ತಿಗೆ ಸ್ಕ್ರೂಡ್ರೈವರ್ ಇಟ್ಟು ಕೆತ್ತಿ ಕೆತ್ತಿ ತೆಗೀಬೇಕಾಯ್ತು, ನಾಝಲ್ಲೂ ಹೋಗಿತ್ತು, ಪಂಪೂ ಹೋಗಿತ್ತು. 266 ರೂಪಾಯಿ ಐವತ್ತು ಪೈಸೆ ಮೂಟೇಲಿ ಆಡ್‌ಬ್ಲೂ ಕಾಸು ಉಳಿಸೋಕೋಗಿ ಒಂದು ಸೀಸನ್ ಬಾಡಿಗೆ ಅಲ್ಲಿಗೇ ಹೋಯ್ತು. ಸಬ್ಸಿಡಿ ಯೂರಿಯಾನ ಗದ್ದೆ ಬಿಟ್ಟು ಬೇರೆ ಯಾವುದಕ್ಕೂ ಬಳಸೋದೇ ಕಾನೂನಿಗೆ ವಿರುದ್ಧ, ಅದು ಬೇರೆ.

ತಗೊಳೋವಾಗ ಕ್ಯಾನ್ ಮೇಲೆ ಐಎಸ್‌ಒ 22241 ಅಂತ ಇದೆಯಾ ನೋಡು, ಸೀಲ್ ನೋಡು, ತಾರೀಕು ನೋಡು. ಬಿಸ್ಲಲ್ಲಿ ಒಣಗ್ತಾ ಕೂತಿರೋ ಕ್ಯಾನ್ ಬೇಡ. ಡೀಸೆಲ್ ಹಾಕಿದ ಲಾಳಿಕೆಯಲ್ಲಿ ಇದನ್ನ ಹುಯ್ಯಬೇಡ, ಒಂದು ಚಮಚ ಡೀಸೆಲ್ ಆಡ್‌ಬ್ಲೂ ಟ್ಯಾಂಕಿಗೆ ಬಿದ್ರೂ ರಬ್ಬರ್ ಸೀಲೆಲ್ಲಾ ಊದ್ಕೊಂಡು ಕೂರುತ್ತೆ. ಮತ್ತೆ ನಿಮ್ಮ ಡ್ರೈವರಣ್ಣಂಗೆ ಒಂದು ಮಾತು ಹೇಳು, ಲಾರಿ ಆಫ್ ಮಾಡಿದ ತಕ್ಷಣ ಬ್ಯಾಟ್ರಿ ಮೇನ್ ಸ್ವಿಚ್ ಎಳೀಬಾರ್ದು. ಕೀ ತೆಗೆದ ಮೇಲೂ ಒಂದೆರಡು ನಿಮಿಷ ಗುರ್ ಅಂತ ಸದ್ದು ಬರುತ್ತಲ್ಲ, ಅದು ಪೈಪಲ್ಲಿ ಉಳಿದ ಯೂರಿಯಾ ನೀರನ್ನ ವಾಪಸ್ ಟ್ಯಾಂಕಿಗೆ ಎಳ್ಕೊತಾ ಇರೋದು, ಅದು ಮುಗಿಯೋಕೆ ಬಿಡದಿದ್ರೆ ಒಳ್ಳೇ ಆಡ್‌ಬ್ಲೂ ಹಾಕಿದ್ರೂ ಪೈಪಲ್ಲಿ ಹರಳು ಕಟ್ಟುತ್ತೆ. ಆಡ್‌ಬ್ಲೂ ಕೆಡ್ತು ಅಂತ ಬೈಯೋ ಎಷ್ಟೋ ಗಾಡಿಗಳಲ್ಲಿ ಕೆಟ್ಟಿರೋದು ಈ ಅಭ್ಯಾಸ.

ಎಮ್ಯುಲೇಟರ್ ಅಂತ ಒಂದು ಸಣ್ಣ ಡಬ್ಬಿ ಮಾರ್ತಾರೆ, ಹಾಕಿದ್ರೆ ಆಡ್‌ಬ್ಲೂ ಬೇಕಾಗೇ ಇಲ್ಲ ಅಂತಾರೆ. ಅದು ಏನೂ ಶುದ್ಧ ಮಾಡಲ್ಲ, ಎಲ್ಲಾ ಸರಿ ಐತೆ ಅಂತ ಕಂಪ್ಯೂಟ್ರಿಗೆ ಸುಳ್ಳು ಹೇಳ್ತಾ ಕೂರುತ್ತೆ, ಅಷ್ಟೇ. ಮೇಲೆ ಹೇಳಿದ ಸೆಕ್ಷನ್ನೇ ಇದಕ್ಕೂ.

ಪ್ರಶ್ನೆ: ಇಜಿಆರ್ ಬ್ಲಾಕ್ ಮಾಡಿದ್ರೆ ಇಂಜಿನ್ ಲೈಫ್ ಜಾಸ್ತಿ ಅಂತ ಎಲ್ಲಾ ಕಡೆ ಹೇಳ್ತಾರೆ, ನಿಜಾನಾ? ನಂದು ಹಳೇ ಡೀಸೆಲ್ ಜೀಪು.
(ಓದುಗರು, ಹುಣಸೂರು ರಸ್ತೆ, ಮೈಸೂರು)

ಉತ್ತರ: ಇದರಲ್ಲಿ ನಾನೇ ಅಪರಾಧಿ. ಸುಮಾರು ವರ್ಷದ ಹಿಂದೆ ನನ್ನ ಸ್ವಂತ ಜೀಪಿಗೆ ಡಾಲ್ಡಾ ಡಬ್ಬದ ತಗಡು ಕತ್ತರಿಸಿ, ಗ್ಯಾಸ್ಕೆಟ್ ಆಕಾರ ಗೀಚಿ, ಇಜಿಆರ್ ಪೈಪ್ ಮಧ್ಯೆ ಇಟ್ಟು ಬೋಲ್ಟ್ ಬಿಗಿದಿದ್ದೆ, ಭಾರೀ ಬುದ್ಧಿವಂತ ಅಂದ್ಕೊಂಡು. ಮೊದಲ ವಾರ ಪಿಕಪ್ ಚೂರು ಜಾಸ್ತಿ ಆದಂಗನ್ನಿಸ್ತು. ಚಾಮುಂಡಿ ಬೆಟ್ಟ ಹತ್ತೋವಾಗ ಮಾತ್ರ ಇಂಜಿನ್ನಿನ ಕಟಕಟ ಸದ್ದು ಜೋರಾಯ್ತು, ಮೈಲೇಜ್ ಮೂರು ಟ್ಯಾಂಕ್ ಬರೆದಿಟ್ಟು ನೋಡಿದೆ, ಒಂದು ಪೈಸೆ ವ್ಯತ್ಯಾಸ ಇಲ್ಲ. ಆರು ತಿಂಗಳಿಗೆ ತಗಡು ಸುಟ್ಟು ತೂತು ಬಿತ್ತು, ನಾನೂ ತೆಗೆದು ಎಸೆದೆ.

ಇಜಿಆರ್ ಮಾಡೋದು ಒಂದೇ ಕೆಲಸ, ಉರಿದ ಹೊಗೇಲಿ ಸ್ವಲ್ಪ ಭಾಗ ತಗೊಂಡು ಮತ್ತೆ ಇಂಜಿನ್ನಿಗೇ ಉಣಿಸೋದು. ಆ ಹೊಗೇಲಿ ಆಕ್ಸಿಜನ್ ಕಮ್ಮಿ, ಹಂಗಾಗಿ ಉರಿಯ ತಾಪ ಇಳಿಯುತ್ತೆ, ತಾಪ ಇಳಿದ್ರೆ ನಾಕ್ಸ್ ಹುಟ್ಟೋದು ಕಮ್ಮಿ. ಆದ್ರೆ ಇಲ್ಲೊಂದು ತಕರಾರಿದೆ, ಆಲೆಮನೆ ಒಲೆ ನೋಡಿರೋರಿಗೆ ಬೇಗ ಅರ್ಥ ಆಗುತ್ತೆ. ಕಬ್ಬಿನ ಸಿಪ್ಪೆ ಗರಿಗರಿ ಒಣಗಿದ್ದು, ಗಾಳಿ ಚೆನ್ನಾಗಿ ಆಡಿದ್ರೆ ಒಲೆ ಧಗಧಗ, ಹೊಗೇನೇ ಕಾಣಲ್ಲ. ಸಿಪ್ಪೆ ಹಸಿ ಇದ್ದು ಉರಿ ಮಂದ ಆದ್ರೆ ಕೊಳವೇಲಿ ಕರೀ ಹೊಗೆ. ಇಂಜಿನ್ನೂ ಹಂಗೇ, ಬಿಸಿಯಾಗಿ ಉರಿಸಿದ್ರೆ ಮಸಿ ಕಮ್ಮಿ, ಕಣ್ಣಿಗೆ ಕಾಣದ ನಾಕ್ಸ್ ಜಾಸ್ತಿ, ತಣ್ಣಗೆ ಉರಿಸಿದ್ರೆ ನಾಕ್ಸ್ ಕಮ್ಮಿ, ಮಸಿ ಜಾಸ್ತಿ. ಎರಡನ್ನೂ ಇಂಜಿನ್ ಒಳಗೇ ಗೆಲ್ಲೋಕಾಗಲ್ಲ ಅಂತ್ಲೇ ಒಂದಕ್ಕೆ ಜರಡಿ, ಇನ್ನೊಂದಕ್ಕೆ ಯೂರಿಯಾ ಅಂತ ಹೊರಗೆ ಡಬ್ಬ ಕಟ್ಟಿರೋದು.

ಇಜಿಆರ್ ವಾಲ್ವ್ ಕಟ್ಕೊಳೋದು ನಿಜ, ಬಿಚ್ಚಿದ್ರೆ ಕರೀ ಹಲ್ವಾ ಥರ ಅಂಟು ಮಸಿ, ಬೆರಳಿಗೆ ಹತ್ತಿದ್ರೆ ಎರಡು ದಿನ ಹೋಗಲ್ಲ. ಅದಕ್ಕೆ ಮದ್ದು ಕ್ಲೀನ್ ಮಾಡ್ಸೋದು, ಕಾರ್ಬ್ ಕ್ಲೀನರ್ ಸ್ಪ್ರೇ, ಹಳೇ ಟೂತ್ ಬ್ರಷ್ಷು, ಒಂದು ಗಂಟೆ ತಾಳ್ಮೆ. ಹೊಸ ಗಾಡೀಲಿ ಬ್ಲಾಕ್ ಮಾಡಿದ್ರೆ ಚೆಕ್ ಇಂಜಿನ್ ಲೈಟ್ ಅವತ್ತೇ ಬರುತ್ತೆ.

ಪ್ರಶ್ನೆ: ಚೆಕ್ ಇಂಜಿನ್ ಲೈಟ್ ಉರೀತಿದ್ರೂ ನನ್ನ ಕಾರು ಎಮಿಷನ್ ಟೆಸ್ಟ್ ಪಾಸಾಯ್ತು. ಹಂಗಾದ್ರೆ ಲೈಟ್ ತಲೆ ಕೆಡಿಸ್ಕೊಬೇಕಾ?
(ಓದುಗರು, ಮದ್ದೂರು)

ಉತ್ತರ: ಕೆಡಿಸ್ಕೊಳಿ. ಪಿಯುಸಿ ಅನ್ನೋದು ಜ್ವರ ನೋಡಿದಂಗೆ, ಪೂರ್ತಿ ತಪಾಸಣೆ ಅಲ್ಲ. ಪೆಟ್ರೋಲ್ ಕಾರಿಗೆ ಐಡ್ಲಿಂಗಲ್ಲಿ ಕಾರ್ಬನ್ ಮೊನಾಕ್ಸೈಡು, ಉರೀದೇ ಬಂದ ಹೈಡ್ರೋಕಾರ್ಬನ್ನು ನೋಡ್ತಾರೆ, ಬಿಎಸ್4 ಕಾರಿಗೆ ಮೊನಾಕ್ಸೈಡ್ ನೂರಕ್ಕೆ 0.3 ದಾಟಬಾರ್ದು. ಡೀಸೆಲ್‌ಗೆ ಆಕ್ಸಿಲರೇಟರ್ ಒತ್ತಿ ಹೊಗೆ ಎಷ್ಟು ಕಪ್ಪಿದೆ ಅಂತ ಅಳೀತಾರೆ. ನಾಕ್ಸ್ ಎರಡರಲ್ಲೂ ನೋಡಲ್ಲ. ಹಂಗಾಗಿ ಇಜಿಆರ್ ಮುಚ್ಚಿರೋ, ಆಡ್‌ಬ್ಲೂ ನಿಲ್ಲಿಸಿರೋ ಗಾಡೀನೂ ನಗ್ತಾ ನಗ್ತಾ ಪಾಸಾಗುತ್ತೆ, ಸರ್ಟಿಫಿಕೇಟ್ ತೋರ್ಸಿ ನನ್ನ ಗಾಡಿ ಕ್ಲೀನು ಅನ್ನೋರಿಗೆ ನಾನು ವಾದ ಮಾಡೋಕೆ ಹೋಗಲ್ಲ.

ಟೆಸ್ಟಲ್ಲಿ ಒಂದು, ರೋಡಲ್ಲಿ ಇನ್ನೊಂದು ಅನ್ನೋ ಆಟ ದೊಡ್ಡ ಕಂಪನಿಗಳೂ ಆಡಿವೆ. 2015ರ ಸೆಪ್ಟೆಂಬರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಫೋಕ್ಸ್‌ವ್ಯಾಗನ್‌ನ ಹಿಡೀತಲ್ಲ, ಟೆಸ್ಟ್ ನಡೀತಿದೆ ಅಂತ ಕಾರಿನ ಸಾಫ್ಟ್‌ವೇರ್ ಗುರುತು ಹಿಡಿದು ಆಗ ಮಾತ್ರ ಸಂಭಾವಿತನಂಗೆ ಇರ್ತಿತ್ತು, ಅಂಥ ಕಾರು ಪ್ರಪಂಚದಲ್ಲಿ 1 ಕೋಟಿ 10 ಲಕ್ಷದಷ್ಟು. ಮೊದಲು ಅನುಮಾನ ಎತ್ತಿಸಿದ್ದು ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಯೋರು ಅಳೆಯೋ ಮೆಷೀನನ್ನ ಕಾರಲ್ಲೇ ಇಟ್ಕೊಂಡು ರೋಡಲ್ಲಿ ಓಡಿಸಿ ತೆಗೆದ ಲೆಕ್ಕ. ನಮ್ಮಲ್ಲೂ 2023ರ ಏಪ್ರಿಲ್‌ನಿಂದ ಹೊಸ ಮಾಡೆಲ್‌ಗಳನ್ನ ರೋಡಲ್ಲಿ ಓಡಿಸಿ ಅಳೀಬೇಕು.

ಪಿಯುಸಿಗೆ ಹೋಗೋವಾಗ ಒಂದೈದಾರು ಕಿಲೋಮೀಟರ್ ಓಡಿಸ್ಕೊಂಡೇ ಹೋಗಿ. ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಡಬ್ಬ, ಅಂದ್ರೆ ಕ್ಯಾಟ್‌ಕಾನ್, 250-300 ಡಿಗ್ರಿ ಕಾಯೋ ತನಕ ಕೆಲಸಾನೇ ಶುರು ಮಾಡಲ್ಲ.

ಪ್ರಶ್ನೆ: ಅಪ್ಪಾಜಿ ಕಾಲದ ಯೆಜ್ಡಿ ರೆಡಿ ಮಾಡಿಸ್ತಿದೀನಿ. ವಿಪರೀತ ಹೊಗೆ, ರಸ್ತೇಲಿ ಜನ ತಿರುಗಿ ನೋಡ್ತಾರೆ. ಸೈಲೆನ್ಸರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿಸಬಹುದಾ?
(ಓದುಗರು, ಯಾದವಗಿರಿ, ಮೈಸೂರು)

ಉತ್ತರ: ಯಾದವಗಿರೀಲೇ ಕೂತ್ಕೊಂಡು ಯೆಜ್ಡಿ ಪ್ರಶ್ನೆ ಕೇಳಿದೀರಿ, ಐಡಿಯಲ್ ಜಾವಾ ಫ್ಯಾಕ್ಟರಿ ಇದ್ದಿದ್ದೇ ಅಲ್ಲಿ, 1996ಕ್ಕೆ ಬಾಗಿಲು ಹಾಕ್ತು. ಎಮಿಷನ್ ರೂಲ್ಸು ಬಿಗಿ ಆಗ್ತಾ ಬಂದಿದ್ದೂ ಅದೇ ಕಾಲ. ಯೆಜ್ಡೀದು ಟೂ ಸ್ಟ್ರೋಕ್ ಇಂಜಿನ್ನು, ಅದರ ಹುಟ್ಟುಗುಣಾನೇ ಹಂಗೆ, ಹೊಸ ಪೆಟ್ರೋಲ್ ಗಾಳಿ ಒಳಗೆ ಬರ್ತಿರೋವಾಗ್ಲೇ ಹೊಗೆ ಹೋಗೋ ಬಾಗಿಲೂ ತೆಗೆದಿರುತ್ತೆ, ಒಂದು ಪಾಲು ಉರೀದೇ ಆಚೆಗೆ. ಅದಕ್ಕೆ ಕ್ಯಾಟ್ ಹಾಕಿದ್ರೆ ಆ ಹಸಿ ಪೆಟ್ರೋಲೆಲ್ಲ ಅಲ್ಲೇ ಉರಿದು ಕೆಂಡ ಆಗುತ್ತೆ, ಜೊತೆಗೆ ಟೂಟಿ ಆಯಿಲ್ ಮೆತ್ಕೊಂಡು ಬೇಗ ಸಾಯುತ್ತೆ. ಬೇಡ.

ಹೊಗೆ ವಿಪರೀತ ಅಂದ್ರೆ ನನಗೆ ಅನುಮಾನ ಕ್ರ್ಯಾಂಕ್ ಸೀಲ್ ಮೇಲೆ. ಅದು ಗಟ್ಟಿಯಾಗಿ ಬಿರಿದ್ರೆ ಗೇರ್ ಆಯಿಲ್ಲನ್ನೇ ಇಂಜಿನ್ ಕುಡಿಯೋಕೆ ಶುರು ಮಾಡುತ್ತೆ. ಇವತ್ತು ಗೇರ್ ಆಯಿಲ್ ಸರಿಯಾಗಿ ಅಳತೆಗೆ ತುಂಬಿಸಿ, ಇನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ, ಕೆಳಗೆ ತೊಟ್ಟಿಕ್ಕದೇ ಕಮ್ಮಿ ಆಗಿದ್ರೆ ಸೀಲೇ. ಅದು ಸರಿ ಇದ್ರೆ ಪೆಟ್ರೋಲಿಗೆ ಆಯಿಲ್ ಕಣ್ಣಂದಾಜಲ್ಲಿ ಹುಯ್ಯೋದು ಬಿಟ್ಟು ಅಳತೆ ಲೋಟ ತಗೊಳಿ, ಸೈಲೆನ್ಸರ್ ಒಳಗಿನ ಬ್ಯಾಫಲ್ ಎಳೆದು ಮಸಿ ಕೆರೆಸಿ.

ಪ್ರಶ್ನೆ: ಪೆಟ್ರೋಲ್ ಕಾರು, 2017ರದ್ದು, 90 ಸಾವಿರ ಓಡಿದೆ. ಸ್ಟಾರ್ಟ್ ಮಾಡಿದ್ರೆ ಅಡಿಯಿಂದ ಗೆಜ್ಜೆ ಅಲ್ಲಾಡಿಸ್ದಂಗೆ ಸದ್ದು. ಮೆಕ್ಯಾನಿಕ್ ಕ್ಯಾಟ್‌ಕಾನ್ ಒಡೆದಿದೆ, ಬರೀ ಪೈಪ್ ವೆಲ್ಡ್ ಮಾಡ್ಕೊಡ್ತೀನಿ, ಹಳೇದು ನನಗೇ ಬಿಡಿ, ಲೇಬರ್ ಚಾರ್ಜೂ ಬೇಡ ಅಂದ್ರು. ಇಷ್ಟು ಒಳ್ಳೇ ಜನಾನೂ ಇದಾರಲ್ಲ ಅನ್ನಿಸ್ತು.
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ಒಳ್ಳೇತನ ಅಲ್ಲಮ್ಮ ಅದು, ಅಥವಾ ಅಲ್ಲ ಸ್ವಾಮಿ, ಕಾಗದದಲ್ಲಿ ಯಾರು ಅಂತ ಗೊತ್ತಾಗ್ಲಿಲ್ಲ. ಆ ಡಬ್ಬದೊಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ ಇರುತ್ತೆ, ಅದರ ಮೈಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ತೆಳ್ಳಗೆ ಸವರಿರ್ತಾರೆ. ಗ್ರಾಂ ಲೆಕ್ಕದಲ್ಲೇ ಇದ್ರೂ ಬೆಲೆ ಚಿನ್ನದ ಸಾಲಿಂದು. ಗುಜರಿಯೋರು ಒಡೆದ ಚೂರನ್ನೂ ತೂಕಕ್ಕೆ ತಗೋತಾರೆ, ನಿಂತಿರೋ ವ್ಯಾನ್‌ಗಳ ಅಡೀಲಿ ರಾತ್ರೋರಾತ್ರಿ ಸೈಲೆನ್ಸರ್ ಕೊಯ್ಕೊಂಡು ಹೋಗೋದು ಇದಕ್ಕೇ. ಹಳೇದನ್ನ ಡಿಕ್ಕೀಲಿ ಹಾಕ್ಸ್ಕೊಂಡು ಮನೆಗೆ ತನ್ನಿ.

ಬರೀ ಪೈಪ್ ಹಾಕಿಸಿದ್ರೆ ಮೊನಾಕ್ಸೈಡು, ನಾಕ್ಸು, ಹಸಿ ಪೆಟ್ರೋಲು ಮೂರೂ ನೇರ ಆಚೆಗೆ. ಹಿಂದಿನ ಆಕ್ಸಿಜನ್ ಸೆನ್ಸರ್ ಕ್ಯಾಟ್ ಇಲ್ಲ ಅಂತ ಕಂಡುಹಿಡಿದು ಲೈಟ್ ಹಚ್ಚುತ್ತೆ, ಪಿಯುಸೀಲೂ ಸಿಕ್ಕಾಕೊತೀರಿ, ಪೆಟ್ರೋಲ್ ಗಾಡೀಲಿ ಇದನ್ನ ಮುಚ್ಚಿಡೋದು ಕಷ್ಟ. ಕಂಪನಿ ಪಾರ್ಟ್ ದುಬಾರಿ, ಗೊತ್ತು. ಆದ್ರೂ ಹೊಸದನ್ನ ಈಗ್ಲೇ ಆರ್ಡರ್ ಮಾಡ್ಬೇಡಿ.

90 ಸಾವಿರಕ್ಕೇ ಆ ಇಟ್ಟಿಗೆ ಸುಮ್ಮನೆ ಒಡೆಯಲ್ಲ. ಕೆಳಗೆ ಹಂಪ್‌ಗೆ ಹೊಡೆದಿರ್ಬೇಕು, ಡಬ್ಬದ ಮೇಲೆ ನೆಗ್ಗಿದ ಗುರುತು ನೋಡಿ. ಇಲ್ಲಾಂದ್ರೆ ಯಾವುದೋ ಒಂದು ಸಿಲಿಂಡರ್ ಮಿಸ್ ಹೊಡೀತಾ, ಉರೀದ ಪೆಟ್ರೋಲ್ ಹೋಗಿ ಕ್ಯಾಟ್ ಒಳಗೆ ಉರಿದು, ಇಟ್ಟಿಗೆ ಕರಗಿದೆ. ಆ ಮಿಸ್ಸಿಂಗ್ ಸರಿ ಮಾಡ್ದೆ ಹೊಸ ಕ್ಯಾಟ್ ಹಾಕಿದ್ರೆ ಅದೂ ವರ್ಷದೊಳಗೆ ಗೆಜ್ಜೆ ಕಟ್ಕೊಳುತ್ತೆ. ಬೆಳಿಗ್ಗೆ ತಣ್ಣಗಿರೋವಾಗ ಐಡ್ಲಿಂಗಲ್ಲಿ ಗಾಡಿ ಕುಲುಕುತ್ತಾ, ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಹಿಂದೆ ಪಟ್ ಅನ್ನುತ್ತಾ ಗಮನಿಸಿ. ಸ್ಪಾರ್ಕ್ ಪ್ಲಗ್ ಪೂರ್ತಿ ಬಿಚ್ಚಿಸಿ ಸಾಲಾಗಿ ಬಿಳೀ ಬಟ್ಟೆ ಮೇಲಿಟ್ಟು ಫೋಟೋ ತೆಗೀರಿ, ಯಾವುದು ಯಾವ ಸಿಲಿಂಡರಿಂದು ಅಂತ ನಂಬರ್ ಬರೆದು. ಮೂರು ಬಿಸ್ಕತ್ ಬಣ್ಣ ಇದ್ದು ಒಂದು ಮಾತ್ರ ಕಪ್ಪಗೆ ಒದ್ದೆ ಇದ್ರೆ ಆ ಸಿಲಿಂಡರಿನ ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ಲನ್ನ ಪಕ್ಕದ್ದಕ್ಕೆ ಅದಲುಬದಲು ಮಾಡ್ಸಿ, ಮಿಸ್ಸಿಂಗೂ ಜೊತೆಗೇ ಪಕ್ಕಕ್ಕೆ ಹೋಯ್ತಾ ನೋಡಿ, ಹೋಯ್ತು ಅಂದ್ರೆ ಕಾಯಿಲ್ಲೇ ಕಳ್ಳ. ಫೋಟೋ ನಮ್ಮ ಪತ್ರಿಕೆ ವಿಳಾಸಕ್ಕೆ ಕಳ್ಸಿ, ಮುಂದಿನ ಸಂಚಿಕೇಲಿ ಕ್ಲಚ್ ಕೇಬಲ್ ಯಜಮಾನ್ರು ಮುಗಿದ್ಮೇಲೆ ನಿಮ್ಮದೇ ಎತ್ಕೊತೀನಿ.